ಬ್ಯಾಗ್ ನೋಡುವ ಮೊದಲು ಮುಖ ನೋಡೋಣ

ಕಳೆದ ಕ್ರಿಸ್‌ಮಸ್‌ಗೆ ಮುಂಚಿನ ರವಿವಾರ. ಕಾರ್ಕಳ ತಾಲೂಕಿನ ನಮ್ಮ ಚರ್ಚ್‌ನಲ್ಲಿ ಬೆಳಗಿನ ಬಲಿಪೂಜೆ ಶುರುವಾಗಲು ಹತ್ತು ನಿಮಿಷವಿತ್ತು. ಸ್ವಯಂಸೇವಕನಾಗಿ ನಾನು ಬಾಗಿಲಲ್ಲಿ ನಿಂತಿದ್ದೆ. ‘ಹೊಸಬರು ಬಂದರೆ ಸ್ವಲ್ಪ ಗಮನ ಇಡಿ’ ಎಂದು ಹಿರಿಯರು ಹೇಳಿದ್ದರು. ಆಗ ನನ್ನದೇ ವಯಸ್ಸಿನ ಹುಡುಗನೊಬ್ಬ ಬೆನ್ನಿಗೆ ದೊಡ್ಡ ಬ್ಯಾಗ್ ಹಾಕಿಕೊಂಡು ಬಂದ. ಮುಖ ಪರಿಚಯವಿಲ್ಲ, ಭಾಷೆ ಹಿಂದಿ. ತಡೆದು ನಿಲ್ಲಿಸಿ ಎಲ್ಲರೆದುರೇ ಬ್ಯಾಗ್ ತೆರೆಸಿದೆ. ಎರಡು ಜೊತೆ ಬಟ್ಟೆ, ಒಂದು ಸ್ಟೀಲ್ ತಟ್ಟೆ, ಹಿಂದಿ ಬೈಬಲ್. ಅವನು ಏನೂ ಮಾತಾಡದೆ ಎಲ್ಲವನ್ನೂ ಮತ್ತೆ ತುಂಬಿಕೊಂಡು ಕೊನೆಯ ಬೆಂಚಿನಲ್ಲಿ ಕೂತ. ಪೂಜೆ ಮುಗಿಯುವ ಮೊದಲೇ ಎದ್ದು ಹೋದ.

ಆಮೇಲೆ ಗೊತ್ತಾಯಿತು, ಅವನು ಜಾರ್ಖಂಡ್‌ನವನು. ಗೇರುಬೀಜ ಕಾರ್ಖಾನೆಯ ಕೆಲಸಕ್ಕೆಂದು ಹಿಂದಿನ ರಾತ್ರಿಯಷ್ಟೇ ಉಡುಪಿಯಲ್ಲಿ ರೈಲು ಇಳಿದಿದ್ದ. ಈ ಊರಿನಲ್ಲಿ ಯಾರ ಪರಿಚಯವೂ ಇಲ್ಲದ ಕಾರಣ ಮೊದಲು ಚರ್ಚ್ ಹುಡುಕಿಕೊಂಡು ಬಂದಿದ್ದ. ಮತ್ತೆ ಅವನನ್ನು ನಾನು ಅಲ್ಲಿ ನೋಡಲಿಲ್ಲ. ಅದೇ ಬೆಳಗ್ಗೆ ನಮ್ಮೂರವರ ಹತ್ತಾರು ಬ್ಯಾಗ್‌ಗಳು ನನ್ನೆದುರೇ ಒಳಗೆ ಹೋಗಿದ್ದವು. ಒಂದನ್ನೂ ನಾನು ತೆರೆಸಿರಲಿಲ್ಲ.

ನಮ್ಮ ಭಯಕ್ಕೆ ಕಾರಣವೇ ಇಲ್ಲವೆಂದಲ್ಲ. 2008ರ ಸೆಪ್ಟೆಂಬರ್ 14ರ ರವಿವಾರ ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿಗಳಾದವು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ತನಿಖೆ ಮಾಡಿ 2011ರಲ್ಲಿ ಅಂತಿಮ ವರದಿ ಕೊಟ್ಟಿತು. 2021ರ ಸೆಪ್ಟೆಂಬರ್‌ನಲ್ಲಿ ನಮ್ಮ ಕಾರ್ಕಳದ ಕುಕ್ಕುಂದೂರಿನಲ್ಲೇ ಒಂದು ಪ್ರಾರ್ಥನಾ ಕೇಂದ್ರಕ್ಕೆ ಗುಂಪೊಂದು ಮತಾಂತರದ ಆರೋಪ ಹೊರಿಸಿ ನುಗ್ಗಿತು. 2022ರಲ್ಲಿ ಬಂದ ಮತಾಂತರ ನಿಷೇಧ ಕಾಯ್ದೆಯಂತೂ ಸಂಬಂಧಿಕರಷ್ಟೇ ಅಲ್ಲ, ಸಹೋದ್ಯೋಗಿಯೂ ದೂರು ಕೊಡಬಹುದು ಎಂದಿತು. 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತಾದರೂ ಅದು ಬಿತ್ತಿದ ಅನುಮಾನ ಉಳಿದಿದೆ. ಹೊಸ ಮುಖ ಕಂಡರೆ ‘ವಿಡಿಯೋ ಮಾಡಲು ಬಂದವನೇ?’ ಎಂದು ಒಬ್ಬರು ಕೇಳಿದರೆ, ‘ಬೇರೆ ಧರ್ಮದವನಾದರೆ ನಾಳೆ ನಮ್ಮ ಮೇಲೆಯೇ ಕೇಸ್ ಆದೀತು’ ಎಂದು ಇನ್ನೊಬ್ಬರು ಹೇಳುತ್ತಾರೆ.

ಆದರೆ ಸ್ವಲ್ಪ ಯೋಚಿಸಿ ನೋಡಿ. 2008ರಲ್ಲಾಗಲಿ 2021ರಲ್ಲಾಗಲಿ ದಾಳಿ ಮಾಡಿದ್ದು ಗುಂಪು. ಅಂಥ ಗುಂಪನ್ನು ತಡೆಯುವುದು ನನ್ನಂಥ ಸ್ವಯಂಸೇವಕನ ಕೆಲಸವಲ್ಲ, ಪೊಲೀಸರ ಕೆಲಸ. ಪೂಜಾಸ್ಥಳಕ್ಕೆ ಹಾನಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 298ನೇ ಸೆಕ್ಷನ್‌ನಡಿ, ಧಾರ್ಮಿಕ ಸಭೆಗೆ ಅಡ್ಡಿಪಡಿಸುವುದು 300ನೇ ಸೆಕ್ಷನ್‌ನಡಿ ಅಪರಾಧ. ಗುಂಪಿನ ಮೇಲಿನ ಭಯವನ್ನು ಒಂಟಿಯಾಗಿ ಬಂದವನ ಮೇಲೆ ತೀರಿಸಿಕೊಂಡರೆ ಗುಂಪು ನಿಲ್ಲುವುದಿಲ್ಲ. ಒಬ್ಬ ಹುಡುಗ ಮಾತ್ರ ವಾಪಸ್ ಹೋಗುತ್ತಾನೆ.

ಒಂಟಿಯಾಗಿ ಬಂದವನಿಂದ ಅಪಾಯವೇ ಇಲ್ಲವೇ? ಇದೆ. 2015ರ ಜೂನ್ 17ರಂದು ಅಮೆರಿಕದ ಚಾರ್ಲ್‌ಸ್ಟನ್ ನಗರದಲ್ಲಿ ಕರಿಯರ ಚರ್ಚ್ ಒಂದರ ಬೈಬಲ್ ಅಧ್ಯಯನಕ್ಕೆ ಅಪರಿಚಿತ ಬಿಳಿಯ ಯುವಕನೊಬ್ಬ ಬಂದ. ಅಲ್ಲಿದ್ದವರು ಅವನಿಗೆ ಜಾಗ ಕೊಟ್ಟು ಕೂರಿಸಿಕೊಂಡರು. ಸುಮಾರು ಒಂದು ಗಂಟೆ ಕೂತಿದ್ದವನು ಒಂಬತ್ತು ಮಂದಿಯನ್ನು ಗುಂಡಿಟ್ಟು ಕೊಂದ. ಹಾಗಾಗಿ ‘ಪ್ರೀತಿಯಿಂದ ಕರೆದರೆ ಎಲ್ಲ ಸರಿಹೋಗುತ್ತದೆ’ ಎಂದು ನಾನು ಹೇಳಲಾರೆ. ಆದರೂ ಅದೇ ವಾರದ ರವಿವಾರ ಆ ಚರ್ಚ್ ಮತ್ತೆ ಬಾಗಿಲು ತೆರೆಯಿತು.

ಇನ್ನೊಂದು ಉದಾಹರಣೆ ನಮಗೆ ಹತ್ತಿರದ್ದು. 2019ರ ಏಪ್ರಿಲ್ 21, ಈಸ್ಟರ್ ದಿನ. ಶ್ರೀಲಂಕಾದ ಬಟ್ಟಿಕಲೋವಾದ ಝಿಯಾನ್ ಚರ್ಚ್‌ಗೆ ದೊಡ್ಡ ಬ್ಯಾಗ್ ಹೊತ್ತ ಅಪರಿಚಿತನೊಬ್ಬ ಬಂದ. ಚರ್ಚ್‌ನ ಸದಸ್ಯ ರಮೇಶ್ ರಾಜು ಅವನನ್ನು ಮಾತಾಡಿಸಿದರು. ಉತ್ತರ ಸರಿ ಕಾಣಲಿಲ್ಲ, ಒಳಗೆ ಬಿಡಲಿಲ್ಲ. ಬಾಂಬ್ ಹೊರಗೆ ಸಿಡಿಯಿತು. ಮಕ್ಕಳೂ ಸೇರಿ ಅನೇಕರು ಸತ್ತರು, ರಮೇಶ್ ಕೂಡ ಉಳಿಯಲಿಲ್ಲ. ಆದರೆ ಒಳಗಿದ್ದ ನೂರಾರು ಜನ ಬದುಕಿದರು. ಅಲ್ಲಿ ಅಷ್ಟು ಜೀವ ಉಳಿದದ್ದು ಒಬ್ಬ ಮನುಷ್ಯ ಎದುರು ಹೋಗಿ ಮಾತಾಡಿಸಿದ್ದರಿಂದ. ನಾನು ಆ ರವಿವಾರ ಮಾತಾಡಿಸಲೇ ಇಲ್ಲ. ಹೆಸರನ್ನೂ ಕೇಳದೆ ನೇರ ಬ್ಯಾಗ್‌ಗೆ ಕೈ ಹಾಕಿದೆ. ಎರಡು ಮಾತಾಡಿದ್ದರೆ ಅವನ ಊರು, ಕೆಲಸ, ರಾತ್ರಿಯ ರೈಲು ಎಲ್ಲವೂ ಗೊತ್ತಾಗುತ್ತಿತ್ತು.

ನಮ್ಮ ಕರಾವಳಿಯ ಇಗರ್ಜಿಗಳಲ್ಲಿ ಇಂಥ ಮಾತುಕತೆಗೆ ಹಳೆಯ ವ್ಯವಸ್ಥೆಯೊಂದಿದೆ. ಒಂದೊಂದು ವಾಳೆಗೂ ಒಬ್ಬ ಗುರಿಕಾರ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಗೆ ನೆಂಟರು ಬಂದಿದ್ದಾರೆ ಎಂದು ಅವರಿಗೆ ಗೊತ್ತಿರುತ್ತದೆ. ಆದರೆ ಈ ವ್ಯವಸ್ಥೆ ಮನೆ ಇದ್ದವರಿಗಾಗಿ ಆದದ್ದು. ಮಣಿಪಾಲದ ಹಾಸ್ಟೆಲ್, ಪಿ.ಜಿ.ಗಳಲ್ಲಿರುವ ಕೇರಳ, ಗೋವಾ, ಈಶಾನ್ಯ ರಾಜ್ಯಗಳ ವಿದ್ಯಾರ್ಥಿಗಳು, ಉಡುಪಿಯ ಆಸ್ಪತ್ರೆಗಳ ನರ್ಸ್‌ಗಳು, ಕಾಪು ಕಡೆ ಹೋಟೆಲ್ ಕೆಲಸಕ್ಕೆ ಬಂದವರು ಯಾವ ವಾಳೆಗೂ ಸೇರುವುದಿಲ್ಲ. ಎರಡು ವರ್ಷ ಪ್ರತಿ ರವಿವಾರ ಬಂದರೂ ‘ಹೊಸಬ’ರಾಗಿಯೇ ಉಳಿಯುತ್ತಾರೆ. ನಾಳೆ ಕೆಲಸಕ್ಕೆಂದು ಬೆಂಗಳೂರಿಗೋ ದುಬೈಗೋ ಹೋದರೆ ನಮ್ಮ ಸ್ಥಿತಿಯೂ ಇದೇ ಅಲ್ಲವೇ?

ಹೊಸಬರ ಮೇಲೇ ಕಣ್ಣಿಟ್ಟರೆ ಇನ್ನೊಂದು ಅಪಾಯ ಕಣ್ಣು ತಪ್ಪುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಪರಿಚಿತರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವರದಿಗಳು ವರ್ಷ ವರ್ಷವೂ ತೋರಿಸುತ್ತಿವೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ, ಅಂಥ ಕೃತ್ಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೂ ಅಪರಾಧ. ಧರ್ಮೋಪದೇಶದ ತರಗತಿಯಲ್ಲಿ ಯಾವ ಮಗುವೂ ಒಬ್ಬ ಹಿರಿಯರ ಜೊತೆ ಒಂಟಿಯಾಗಿ ಉಳಿಯಬಾರದು ಎಂಬ ನಿಯಮ ‘ನಮ್ಮವರಿಗೆ’ ಮೊದಲು ಅನ್ವಯಿಸಬೇಕು.

ಹಾಗಾದರೆ ಏನು ಮಾಡಬಹುದು? ನನಗೆ ತೋಚಿದ್ದು ಇಷ್ಟು. ಬ್ಯಾಗ್ ನೋಡುವುದಾದರೆ ಎಲ್ಲರದ್ದೂ ನೋಡಬೇಕು, ಇಲ್ಲವೇ ದೊಡ್ಡ ಬ್ಯಾಗ್‌ಗಳನ್ನೆಲ್ಲ ಹೊರಗೆ ಒಂದು ಮೇಜಿನ ಬಳಿ ಇಡಿಸಬೇಕು. ಬಾಗಿಲಲ್ಲಿ ಇಬ್ಬರಿರಲಿ: ಒಬ್ಬರು ಗಮನಿಸಲು, ಇನ್ನೊಬ್ಬರು ಮಾತಾಡಿಸಲು. ಹಿಂದಿ, ಮಲಯಾಳಂ ಬಲ್ಲ ಯುವಕ ಯುವತಿಯರು ಈ ಕೆಲಸಕ್ಕೆ ಮುಂದೆ ಬರಲಿ. ಹಾಸ್ಟೆಲ್‌ನವರಿಗೆ, ಹೊರ ರಾಜ್ಯದ ಕಾರ್ಮಿಕರಿಗೆಂದೇ ಪಾಲನಾ ಮಂಡಳಿ ಒಬ್ಬ ಗುರಿಕಾರರನ್ನು ನೇಮಿಸಲಿ. ಗಲಾಟೆಯಾದರೆ ಎದುರು ಗಲಾಟೆ ಮಾಡದೆ 112ಕ್ಕೆ, ಮಕ್ಕಳ ವಿಷಯವಾದರೆ 1098ಕ್ಕೆ ಕರೆ ಮಾಡುವುದು ಪ್ರತಿ ಸ್ವಯಂಸೇವಕನಿಗೂ ಗೊತ್ತಿರಲಿ. ‘ಅನುಮಾನಾಸ್ಪದ ವ್ಯಕ್ತಿ’ ಎಂದು ಯಾರದ್ದೋ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡುವುದು ಮಾತ್ರ ಬೇಡ.

ಇದೆಲ್ಲ ಆಗದ ಮಾತೇನಲ್ಲ. 2016ರಲ್ಲಿ ಬಸಿಲಿಕವಾದ ನಮ್ಮ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರಕ್ಕೆ ಜನವರಿಯ ಜಾತ್ರೆಯಲ್ಲಿ ಎಲ್ಲ ಧರ್ಮದವರೂ ಮೊಂಬತ್ತಿ ಹಿಡಿದು ಬರುತ್ತಾರೆ. ಪೊಲೀಸರಿರುತ್ತಾರೆ, ಸ್ವಯಂಸೇವಕರಿರುತ್ತಾರೆ. ಆದರೆ ‘ನೀವು ಯಾರು, ಯಾಕೆ ಬಂದಿರಿ?’ ಎಂದು ಯಾರೂ ಕೇಳುವುದಿಲ್ಲ. ಜಾತ್ರೆಯಲ್ಲಿ ಸಾಧ್ಯವಾಗುವುದು ರವಿವಾರ ಯಾಕೆ ಸಾಧ್ಯವಾಗಬಾರದು?

ಈಗಲೂ ತಿಂಗಳಿಗೊಮ್ಮೆ ನಾನು ಬಾಗಿಲಲ್ಲಿ ನಿಲ್ಲುತ್ತೇನೆ. ಹೊಸ ಮುಖ ಕಂಡರೆ ಮೊದಲು ಹೆಸರು ಕೇಳುತ್ತೇನೆ, ನನ್ನ ಹೆಸರೂ ಹೇಳುತ್ತೇನೆ. ಪೂಜೆ ಮುಗಿದ ಮೇಲೆ ಚಹಾಕ್ಕೆ ಕರೆಯುತ್ತೇನೆ. ಆ ಹುಡುಗನ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಮತ್ತೊಮ್ಮೆ ಬಂದರೆ ಕ್ಷಮೆ ಕೇಳಬೇಕೆಂದಿದ್ದೇನೆ.