ಹಿಂದಿನ ಅಚ್ಚಿಗೊಂದಿಷ್ಟು ಎಣ್ಣೆ

ಎತ್ತಿನ ಗಾಡಿಯ ಕಾಲದಲ್ಲಿ ಪ್ರಯಾಣ ಹೊರಡುವವನು ಮೊದಲು ನೋಡುತ್ತಿದ್ದುದು ಅಚ್ಚಿಗೆ ಕೀಲೆಣ್ಣೆ ಹಾಕಿದೆಯೆ ಎಂಬುದನ್ನು. ಕಾರು ಬಂದ ಮೇಲೆ ನಮಗೆ ಆ ಅಭ್ಯಾಸ ತಪ್ಪಿತು. ಎಂಜಿನ್ನಿನ ಎಣ್ಣೆಯನ್ನು ಕಡ್ಡಿ ಅದ್ದಿ ನೋಡುತ್ತೇವೆ, ರೇಡಿಯೇಟರಿಗೆ ನೀರೆರೆಯುತ್ತೇವೆ, ಚಕ್ರಕ್ಕೆ ಗಾಳಿ ಹೊಡೆಸುತ್ತೇವೆ. ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ಲನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ನಾನೂ ವಿಚಾರಿಸಿದವನಲ್ಲ. ಅದರ ಫಲವನ್ನು ಒಂದು ಭಾನುವಾರ ಉಂಡೆ.

ಈ ಕುಂಬಳಕಾಯಿಯ ಕೆಲಸವೇನೆಂದರೆ: ಕಾರು ತಿರುವಿನಲ್ಲಿ ಹೊರಳುವಾಗ ಹೊರಬದಿಯ ಚಕ್ರವು ಒಳಬದಿಯದಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡು ಚಕ್ರಗಳ ನಡುವಣ ಅಂತರ 1.4 ಮೀಟರು ಎಂದಿಟ್ಟುಕೊಂಡರೆ, ಒಂದು ಪೂರ್ಣ ಸುತ್ತಿನಲ್ಲಿ ಹೊರಚಕ್ರವು ಸುಮಾರು 8.8 ಮೀಟರು ಹೆಚ್ಚು ನಡೆದಿರುತ್ತದೆ. ಗಾಡಿಯ ಚಕ್ರಗಳು ತಮ್ಮಷ್ಟಕ್ಕೆ ತಾವು ಸುತ್ತುವುದರಿಂದ ಅಲ್ಲಿ ತೊಡಕಿಲ್ಲ. ಕಾರಿನಲ್ಲಿಯೋ ಎರಡು ಚಕ್ರಗಳನ್ನೂ ಎಂಜಿನ್ನೇ ನೂಕಬೇಕು. ಎರಡಕ್ಕೂ ಬಲವನ್ನು ಹಂಚಿ, ವೇಗವನ್ನು ಮಾತ್ರ ಅವುಗಳ ಇಚ್ಛೆಗೆ ಬಿಡುವ ಹಲ್ಲುಚಕ್ರಗಳ ಜೋಡಣೆಗೆ 1820ರ ದಶಕದ ಕೊನೆಯಲ್ಲಿ ಪೇಟೆಂಟು ಪಡೆದವನು ಒನೆಸಿಫೋರ್ ಪೆಕರ್ ಎಂಬ ಫ್ರೆಂಚ್ ಗಡಿಯಾರ ತಯಾರಕ. ಅವನ ಮನಸ್ಸಿನಲ್ಲಿದ್ದುದು ಉಗಿಬಂಡಿ.

ನಮ್ಮ ಮನೆಯಲ್ಲಿರುವುದು ತಂದೆಯವರು ಬಿಟ್ಟುಹೋದ ಅಂಬಾಸಿಡರ್. ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲಿಯೇ ಅದರ ತಯಾರಿಕೆ ನಿಂತಿತಾದರೂ ನಮ್ಮ ಅಮ್ಮನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಕಾರಿಲ್ಲ. ಅಮ್ಮನ ಕಣ್ಣಿನ ಪೊರೆ ತೆಗೆಸಲು ಸೋಮವಾರ ಬೆಳಗ್ಗೆ ಹಾಸನದಿಂದ ಮೈಸೂರಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಬಾಡಿಗೆ ಕಾರು ಸಿಗದೆಂದಲ್ಲ. "ನಿಮ್ಮಪ್ಪನ ಕಾರಿನಲ್ಲೇ ಹೋಗಬೇಕು ಕಣೋ" ಎಂದು ಅವಳ ಹಟ. ಕೆಲವು ವಾರಗಳಿಂದ ಹಿಂದಿನ ಆಸನದ ಕೆಳಗಿನಿಂದ ತಂಬೂರಿಯ ಶ್ರುತಿಯಂತಹ ಒಂದು ಗುಂಯ್‌ಗಾನ ಕೇಳಿಬರುತ್ತಿದ್ದುದರಿಂದ, ಭಾನುವಾರ ನಾನೇ ಅಚ್ಚಿನ ಎಣ್ಣೆ ಬದಲಿಸಲು ಕಾರಿನಡಿ ಮಲಗಿದೆ.

ಕೆಳಗಿನ ಬಿರಡೆ ಸಲೀಸಾಗಿ ಬಿಚ್ಚಿತು. ಕಾಡಿಗೆಯಂತಹ ಎಣ್ಣೆ ಬೋಗುಣಿಗೆ ಇಳಿಯಿತು. ಇರಬೇಕಾದಷ್ಟು ಇರಲಿಲ್ಲವೆಂಬುದು ಸ್ಪಷ್ಟವಾಗಿತ್ತು. ಅನಂತರ, ಹೊಸ ಎಣ್ಣೆ ತುಂಬುವ ಮೇಲಿನ ಬಿರಡೆಗೆ ಸ್ಪ್ಯಾನರು ಹಾಕಿದೆ. ಅದು ಅಲುಗಲಿಲ್ಲ. ಬಲವಾಗಿ ಎಳೆದೆ, ಬಿರಡೆಯ ಮೂಲೆಗಳು ಸವೆದು ಗುಂಡಗಾದವು. ಇದ್ದ ಎಣ್ಣೆ ಹೊರಗೆ, ತಂದ ಎಣ್ಣೆ ಡಬ್ಬಿಯಲ್ಲಿ, ನಡುವೆ ಮುಚ್ಚಿದ ಬಾಗಿಲು. ಕಾರನ್ನು ಗ್ಯಾರೇಜಿನವರೆಗೆ ನಡೆಸುವಂತೆಯೂ ಇರಲಿಲ್ಲ.

ಸಂಜೆ ನಮ್ಮ ಬೀದಿಯ ಮುದಿ ಮೇಸ್ತ್ರಿ ಕನಿಕರದಿಂದ ಬಂದರು. ಕೆಳಗೆ ಬಗ್ಗಿ ನೋಡಿ, "ಮೇಷ್ಟ್ರೇ, ಸುರಿಯೋ ದಾರಿ ತೆರೆಯದೆ ಇದ್ದದ್ದನ್ನ ಚೆಲ್ಲಿಬಿಟ್ಟಿರಲ್ಲ!" ಎಂದರು. ಹದಿನೈದು ವರ್ಷ ಇತರರಿಗೆ ಪಾಠ ಹೇಳಿದ ನನಗೆ ಆ ಒಂದು ವಾಕ್ಯದಲ್ಲಿ ದೊರೆತ ಪಾಠವೇ ಈ ವಾರದ ಅಂಕಣದ ಸಾರ. ತುಂಬುವ ಬಿರಡೆಯನ್ನು ಮೊದಲು ಸಡಿಲಿಸಿರಿ. ಅದು ಬಿಚ್ಚಿದರೆ ಮಾತ್ರ ಕೆಳಗಿನದಕ್ಕೆ ಕೈಹಾಕಿರಿ.

ಅವರು ತಂತಿಯ ಬ್ರಷ್ಷಿನಿಂದ ಬಿರಡೆಯ ಸುತ್ತಣ ಕೆಸರು ಕೆರೆದರು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದರು. ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರು. ಬಳಿಕ ಕೊಳಾಯಿ ಕೆಲಸದವರ ಪೈಪ್ ರೆಂಚಿನಿಂದ ಕಚ್ಚಿ ತಿರುಗಿಸಿದರು. ಬಿರಡೆ ಬಂದಿತು; ಅದರ ಬದಲಿಗೆ ಹೊಸದೊಂದನ್ನು ತಮ್ಮ ಪೆಟ್ಟಿಗೆಯಿಂದಲೇ ಕೊಟ್ಟರು.

ಇನ್ನು ತುಂಬುವ ಬಗೆ. ಇಂತಹ ಅಚ್ಚಿನ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲದೆ ಬಲವಾಗಿ ಜಾರುತ್ತವೆ. ಆ ಒತ್ತಡಕ್ಕೆ ತಡೆಯುವಂತೆ ಗಂಧಕ, ರಂಜಕಗಳ ಸಂಯುಕ್ತಗಳನ್ನು ಬೆರೆಸಿದ ಮಂದವಾದ ಎಣ್ಣೆ ಬೇಕು. ಅಂಗಡಿಯವರ ಬಾಯಲ್ಲಿ ಅದು "90 ನಂಬರ್ ಆಯಿಲ್". ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎಂದು ಬೇರೆ ಬೇರೆ ದರ್ಜೆಗಳಿರುತ್ತವೆ. ಕಾರಿನ ಕೈಪಿಡಿ ಹೇಳಿದುದನ್ನೇ ಕೊಳ್ಳತಕ್ಕದ್ದು. ಆದರೆ ತುಂಬುವ ರಂಧ್ರವು ಅಚ್ಚಿನ ಮೇಲ್ಗಡೆಯಲ್ಲಿಲ್ಲ, ಪಕ್ಕದಲ್ಲಿದೆ. ಡಬ್ಬಿಯನ್ನು ಓರೆ ಮಾಡಲು ಅಲ್ಲಿ ಎಡೆಯಿಲ್ಲ. ಕಾಕಂಬಿಯಂತಹ ಎಣ್ಣೆ ಒಳಹೋಗುವುದಕ್ಕಿಂತ ಮೊಣಕೈಗೆ ಇಳಿಯುವುದೇ ಹೆಚ್ಚು. ಅದರ ದುರ್ವಾಸನೆ ಸೋಪಿಗೂ ಜಗ್ಗದು.

ಇದಕ್ಕೆ ಮೂರು ಉಪಾಯಗಳುಂಟು. ಮೊದಲನೆಯದು ಪಿಚಕಾರಿ: ಎಣ್ಣೆಯನ್ನು ಎಳೆದುಕೊಂಡು ರಂಧ್ರಕ್ಕೆ ಒತ್ತುವ ಲೋಹದ ಪಿಚಕಾರಿ ಬಿಡಿಭಾಗಗಳ ಅಂಗಡಿಯಲ್ಲಿ ದೊರೆಯುತ್ತದೆ. ಎರಡನೆಯದು, ಡಬ್ಬಿಯ ಬಾಯಿಗೇ ತಿರುಗಿಸಿ ಕೂರಿಸುವ ಕೈಪಂಪು. ಮೂರನೆಯದು ನಮ್ಮ ಮೇಸ್ತ್ರಿಯ ಉಪಾಯ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಕೊಳವೆಯ ಒಂದು ತುದಿಯನ್ನು ರಂಧ್ರದಲ್ಲಿಟ್ಟು, ಇನ್ನೊಂದನ್ನು ಚಕ್ರದ ಪಕ್ಕದಿಂದ ಮೇಲಕ್ಕೆ ತಂದು, ಆಲಿಕೆ ಸಿಕ್ಕಿಸುವುದು. ಒಬ್ಬರು ನಿಂತು ಸುರಿದರೆ ಸಾಕು, ಉಳಿದುದನ್ನು ಭೂಮಿಯ ಸೆಳೆತವೇ ಮಾಡುತ್ತದೆ. ಡಬ್ಬಿಯನ್ನು ಮೊದಲೇ ಬಿಸಿನೀರಿನ ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದ್ದರೆ ಎಣ್ಣೆ ತೆಳುವಾಗಿ ಬೇಗ ಇಳಿಯುತ್ತದೆ. ಒಲೆಯ ಮೇಲೆ ಮಾತ್ರ ಖಂಡಿತ ಇಡಬಾರದು. ಹಳೆಯ ಎಣ್ಣೆಯೂ ಅಷ್ಟೆ. ಕಾರನ್ನು ಕೆಲವು ಕಿಲೋಮೀಟರು ಓಡಿಸಿ ಬಂದ ಮೇಲೆ ಬಿಚ್ಚಿದರೆ ಪೂರ್ತಿ ಇಳಿದುಹೋಗುತ್ತದೆ. ಅದರಲ್ಲಿ ಲೋಹದ ಚೂರುಗಳಿದ್ದರೆ ಹಲ್ಲು ಮುರಿದಿರಬಹುದು. ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ಎರಡರಲ್ಲಿಯೂ ಮೆಕ್ಯಾನಿಕ್ಕಿಗೆ ತೋರಿಸುವುದು ಲೇಸು. ಆ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿರಿ.

ಎಷ್ಟು ತುಂಬಬೇಕು? ರಂಧ್ರದ ಕೆಳಅಂಚಿಗೆ ಬಂದು ತೊಟ್ಟಿಕ್ಕುವಷ್ಟು. ತೊಟ್ಟಿಕ್ಕುವುದು ನಿಂತ ಮೇಲೆಯೇ ಬಿರಡೆ ಹಾಕಬೇಕು. ಆಗ ಕಾರು ಸಮತಟ್ಟಾಗಿ ನಿಂತಿರಬೇಕು. ಹಿಂಭಾಗವನ್ನಷ್ಟೇ ಎತ್ತಿ ತುಂಬಿದರೆ ಎಣ್ಣೆ ಮುಂದಕ್ಕೆ ವಾಲಿ, ಅಳತೆ ಮೀರಿ ಒಳಸೇರುತ್ತದೆ. ಹೆಚ್ಚಾದುದು ಅಚ್ಚಿನ ತುದಿಗಳ ಸೀಲನ್ನು ದಾಟಿ ಬ್ರೇಕಿನ ಲೈನಿಂಗಿಗೆ ತಗಲಿದರೆ ಘಾಟಿಯ ಇಳಿಜಾರಿನಲ್ಲಿ ಪ್ರಾಣಕ್ಕೇ ಸಂಚಕಾರ. ಅಚ್ಚಿನ ಮೇಲಿನ ಸಣ್ಣ ಉಸಿರುಗಂಡಿ ಕೆಸರಿನಿಂದ ಮುಚ್ಚಿದ್ದರೂ ಒಳಗಣ ಬಿಸಿಗಾಳಿ ಎಣ್ಣೆಯನ್ನು ಹಾಗೆಯೇ ಹೊರದೂಡುತ್ತದೆ; ಅದನ್ನೂ ಶುಚಿಮಾಡಿರಿ. ಕಾರಿನಡಿ ಮಲಗುವವರು ಬರಿಯ ಜಾಕಿಯನ್ನು ಎಂದಿಗೂ ನಂಬಬಾರದು, ಗಟ್ಟಿಯಾದ ಸ್ಟ್ಯಾಂಡುಗಳಿರಲಿ.

ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಮುಂದಿನ ಚಕ್ರಗಳಿಂದಲೇ ಚಾಲನೆ. ಅವುಗಳ ಡಿಫರೆನ್ಷಿಯಲ್ ಗೇರುಪೆಟ್ಟಿಗೆಯಲ್ಲಿಯೇ ಅಡಗಿದೆ. ಆದರೆ ಬೊಲೆರೊ, ಓಮ್ನಿ, ಹಳೆಯ ಜೀಪುಗಳನ್ನು ಇಟ್ಟುಕೊಂಡವರು ಹಿಂದಿನ ಅಚ್ಚಿನ ಕಡೆ ಒಮ್ಮೆ ಬಗ್ಗಿ ನೋಡಬೇಕು.

ಸೋಮವಾರ ಬೆಳಗ್ಗೆ ಹೊತ್ತಿಗೆ ಸರಿಯಾಗಿ ಹೊರಟೆವು. ಗುಂಯ್‌ಗಾನ ತಗ್ಗಿತ್ತು, ನಿಂತಿರಲಿಲ್ಲ. ಸವೆದ ಹಲ್ಲನ್ನು ಯಾವ ಎಣ್ಣೆಯೂ ಮತ್ತೆ ಬೆಳೆಸಲಾರದು. ನಾನು ಮೊದಲ ದಿನವೇ ಕಿವಿಗೊಟ್ಟಿದ್ದರೆ ಅಷ್ಟು ಸವೆಯುತ್ತಿರಲಿಲ್ಲ. ಹೊಳೆನರಸೀಪುರ ದಾಟಿದ ಮೇಲೆ ಹಿಂದಿನ ಆಸನದಿಂದ ಅಮ್ಮ ಕೇಳಿದಳು: "ಇದಕ್ಕೆ ನಿಮ್ಮಪ್ಪ ವರ್ಷಕ್ಕೊಂದು ಸಲ ಅಡಿಯಿಂದ ಎಣ್ಣೆ ಹಾಕಿಸ್ತಿದ್ರಲ್ಲ, ನೀನು ಹಾಕಿಸ್ತಿಲ್ಲವೇನೋ?"

ರಸ್ತೆ ನೋಡುತ್ತಾ, "ನಿನ್ನೆ ಹಾಕಿದೆನಮ್ಮ" ಎಂದೆ.