ಜೀವವಿದ್ದೂ ಎಚ್ಚರಗೊಳ್ಳದ ಯಂತ್ರ

ಶಬ್ದಶಾಸ್ತ್ರವನ್ನೇ ನೆಚ್ಚಿ ಬದುಕಿದ ನಾನು ಗಣಕಯಂತ್ರದ ವಿಚಾರವಾಗಿ ಲೇಖನಿ ಹಿಡಿದುದನ್ನು ಕಂಡು ಸಹೋದ್ಯೋಗಿ ಮಿತ್ರರು ನಕ್ಕಾರು. ಕಳೆದ ಮಳೆಗಾಲದ ಒಂದು ಅನುಭವವೇ ನನ್ನನ್ನು ಈ ಸಾಹಸಕ್ಕೆ ತೊಡಗಿಸಿದೆ.

ಶ್ರೀರಂಗಪಟ್ಟಣವು ಕಾವೇರಿಯ ಎರಡು ಕವಲುಗಳ ನಡುವಣ ದ್ವೀಪ. ತೇವವೆಂಬುದು ನಮಗೆ ಹುಟ್ಟಿನಿಂದ ಬಂದ ನಂಟು. ಅಂದು ನಮ್ಮ ಗಣಕದ ಗುಂಡಿಯನ್ನು ಒತ್ತಿದರೆ ದೀಪ ಹತ್ತಿತು, ಒಳಗಣ ಫ್ಯಾನು ತಿರುಗಿತು. ಪರದೆಯ ಮೇಲೆ ಮಾತ್ರ ಅಮಾವಾಸ್ಯೆ. ಪಾಂಡವಪುರ, ನಾಗಮಂಗಲಗಳ ಒಕ್ಕಲು ಮಕ್ಕಳ ಬಾಯಿಂದ ಕೇಳಿ ಬರೆದು, ‘ನುಡಿ’ ತಂತ್ರಾಂಶದಲ್ಲಿ ಅಚ್ಚುಮಾಡಿಸಿದ್ದ ಬೇಸಾಯದ ಪದಗಳ ಸಂಗ್ರಹ ಅದರೊಳಗಿತ್ತು. ಬೇರೊಂದು ಪ್ರತಿಯಿರಲಿಲ್ಲ, ಅದು ನನ್ನದೇ ಅಪರಾಧ. ರಿಪೇರಿಗೆ ಬಂದಾತ ಎರಡು ನಿಮಿಷ ನೋಡಿ, “ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬೇಕು ಮೇಷ್ಟ್ರೇ” ಎಂದ. ನಾನು ಕೈಮುಗಿದು ಕಳುಹಿಸಿಕೊಟ್ಟೆ.

ಯಂತ್ರವು ಹೀಗೆ ಎಚ್ಚರಗೊಳ್ಳುವುದಕ್ಕೆ ‘ಬೂಟ್’ ಎಂದು ಹೆಸರು. ತಾನು ಮೆಟ್ಟಿದ ಬೂಟಿನ ಕುಣಿಕೆಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವುದೆಂಬ ಆಂಗ್ಲರ ಚಮತ್ಕಾರದ ಮಾತಿನಿಂದ ಬಂದ ಶಬ್ದವಿದು. ವಿದ್ಯುತ್ತು ಹರಿದೊಡನೆ ಮದರ್‌ಬೋರ್ಡಿನ ಚಿಪ್ಪೊಂದರಲ್ಲಿರುವ ಬಯಾಸ್ ಎಂಬ ಚಿಕ್ಕ ಆದೇಶಮಾಲೆ ಮೊದಲು ಏಳುತ್ತದೆ. ಮೆಮೊರಿ ಮೊದಲಾದ ಅಂಗಗಳನ್ನು ಪರೀಕ್ಷಿಸುತ್ತದೆ. ಬಳಿಕ ಹಾರ್ಡ್ ಡಿಸ್ಕನ್ನು ಹುಡುಕಿ ವಿಂಡೋಸಿಗೆ ಅಧಿಕಾರ ಒಪ್ಪಿಸುತ್ತದೆ. ಸರಪಳಿಯ ಯಾವ ಕೊಂಡಿ ಕಳಚಿದರೂ ದೀಪ ಉರಿಯುತ್ತಲೇ ಇರುತ್ತದೆ, ಕೆಲಸ ಮಾತ್ರ ನಡೆಯದು.

ಕೊಂಡಿಯನ್ನು ಕಂಡುಹಿಡಿಯುವ ಬಗೆ ಹೇಗೆ? ವ್ಯಾಕರಣ ಓದಿದವರಿಗೆ ಅನ್ವಯ-ವ್ಯತಿರೇಕವು ಹೊಸದಲ್ಲ: ಒಂದಿದ್ದರೆ ಮತ್ತೊಂದಿರುವುದು, ಇಲ್ಲದಿದ್ದರೆ ಇಲ್ಲದಿರುವುದು. ಪ್ರಕೃತಿ ಪ್ರತ್ಯಯಗಳ ಅರ್ಥವನ್ನು ಬೇರ್ಪಡಿಸುವುದು ಈ ನ್ಯಾಯದಿಂದಲೇ. ನಮ್ಮ ವಿಜ್ಞಾನದ ಮೇಷ್ಟರು ಮಾಡಿದ್ದೂ ಅದನ್ನೇ. ಪಾಣಿನಿಯ ಹೆಸರನ್ನು ಮಾತ್ರ ಎತ್ತಲಿಲ್ಲ. ಮೊದಲು ಮಾನಿಟರಿನ ತಂತಿ ನೋಡಿದರು; ಸರಿಯಿತ್ತು. ಯಾರೋ ಮರೆತು ಬಿಟ್ಟಿದ್ದ ಪೆನ್ ಡ್ರೈವನ್ನು ಕಿತ್ತರು. ವಿದ್ಯುತ್ತಿನ ತಂತಿಯನ್ನು ಪೂರ್ತಿ ಬಿಡಿಸಿ, ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಎರಡು ಮೆಮೊರಿ ಪಟ್ಟಿಗಳನ್ನು ಹೊರತೆಗೆದು, ಅವುಗಳ ಹೊಂಬಣ್ಣದ ಅಂಚನ್ನು ಒಣಬಟ್ಟೆಯಿಂದ ಹಗುರಾಗಿ ಒರೆಸಿದರು. ಬಳಿಕ ಒಂದನ್ನು ಮಾತ್ರ ಸಿಕ್ಕಿಸಿದರು: ಕತ್ತಲೆ. ಅದನ್ನು ತೆಗೆದು ಅದೇ ಜಾಗದಲ್ಲಿ ಇನ್ನೊಂದನ್ನು ಸಿಕ್ಕಿಸಿದರು: ಬೆಳಕು! ದೋಷವಿದ್ದದ್ದು ಮೊದಲಿನದರಲ್ಲಿ.

ಅಲ್ಲಿಗೇ ಮುಗಿಯಲಿಲ್ಲ. ಡಿಸ್ಕ್ ಸಿಗಲಿಲ್ಲವೆಂಬ ಬರಹ ಪರದೆಯ ಮೇಲೆ ಮೂಡಿತು. ಬಯಾಸ್ ತೋರಿಸಿದ ದಿನಾಂಕವೋ ಎಷ್ಟೋ ವರ್ಷ ಹಿಂದಿನದು. ಮದರ್‌ಬೋರ್ಡಿನ ಮೇಲಿರುವ ಬಿಲ್ಲೆಯಂಥ 3 ವೋಲ್ಟಿನ ಬ್ಯಾಟರಿ, ಸಿಆರ್ 2032 ಎಂಬುದು, ಸತ್ತಿತ್ತು. ಹಾಗಾಗಿ ಯಂತ್ರವು ತನ್ನ ಏರ್ಪಾಡುಗಳನ್ನು ಮರೆತು ಡಿಸ್ಕನ್ನು ಗುರುತಿಸದೆ ಹೋಗಿತ್ತು. ಬ್ಯಾಟರಿ ಬದಲಿಸಿ ಏರ್ಪಾಡು ಸರಿಪಡಿಸಿದೊಡನೆ ನನ್ನ ನೇಗಿಲು, ನೊಗ, ಮಿಣಿಗಳೆಲ್ಲ ಹಾಗೆಯೇ ಕಾಣಿಸಿದವು.

ದಾನಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಶಾಲೆಗೆ ಹತ್ತು ಗಣಕ ಕೊಡುವವರು ಒಂಬತ್ತನ್ನೇ ಕೊಡಲಿ. ಹತ್ತನೆಯದರ ಹಣದಲ್ಲಿ ಪ್ರತಿಗಳನ್ನಿಡಲು ಹೊರಗಿನ ಡಿಸ್ಕ್, ಬಿಡಿ ಮೆಮೊರಿ, ಬ್ಯಾಟರಿಗಳು, ಕರೆಂಟು ಕೈಕೊಟ್ಟಾಗ ಆಧಾರವಾಗುವ ಯುಪಿಎಸ್ ಬರಲಿ. ಉಪಾಧ್ಯಾಯರು ಪೆಟ್ಟಿಗೆಯನ್ನು ಬಿಚ್ಚಲು ಅಂಜುವುದೂ ನ್ಯಾಯವೇ, ಏಕೆಂದರೆ ಕೆಟ್ಟರೆ ದಾಸ್ತಾನು ಪುಸ್ತಕದಲ್ಲಿ ಅವರ ಹೆಸರು ಬರುತ್ತದೆ. ಆ ಅಂಜಿಕೆಯನ್ನು ಆಡಳಿತದವರೇ ಲಿಖಿತ ಅನುಮತಿ ಕೊಟ್ಟು ನೀಗಿಸಬೇಕು. ವಿದ್ಯುತ್ ಪೂರೈಸುವ ಒಳಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬಾರದು. ತಂತಿ ಕಿತ್ತ ಮೇಲೂ ಅದರಲ್ಲಿ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ. ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಕೇಳಿದರೆ ಮತ್ತೆ ಮತ್ತೆ ಚಾಲೂ ಮಾಡದೆ ಬಲ್ಲವರ ಕೈಗೆ ಒಪ್ಪಿಸತಕ್ಕದ್ದು.

ಪದಸಂಗ್ರಹದ ಪ್ರತಿಗಳು ಈಗ ಮೂರಾಗಿವೆ. ಒಂದು ನನ್ನ ಮನೆಯಲ್ಲಿ, ನಿಘಂಟುಗಳ ಪಕ್ಕದಲ್ಲಿದೆ.