ಯಂತ್ರಕ್ಕೆ ಕೋಟಿಗಳು, ತಂತ್ರಾಂಶಕ್ಕೆ ಯಾರು ಹೊಣೆ?

ಸೂಪರ್ ಕಂಪ್ಯೂಟರ್ ಉದ್ಘಾಟನೆಯಾದಾಗಲೆಲ್ಲ ಅದರ ವೇಗ ಸುದ್ದಿಯಾಗುತ್ತದೆ. ಅದರಲ್ಲಿ ಓಡುವ ತಂತ್ರಾಂಶವನ್ನು ಬರೆದವರು ಯಾರು, ಪರೀಕ್ಷಿಸಿದವರು ಯಾರು ಎಂದು ಕೇಳುವವರು ವಿರಳ. ನಿಜವಾದ ಅಪಾಯ ಅಡಗಿರುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ನಡೆದುದನ್ನು ಗಮನಿಸಿ. ಅಲ್ಲಿನ ಸೂಪರ್ ಕಂಪ್ಯೂಟರ್‌ನಲ್ಲಿ ಹಳೆಯ ಕಡತಗಳನ್ನು ಅಳಿಸುವ ಪುಟ್ಟ ಪ್ರೋಗ್ರಾಂ ಒಂದನ್ನು, ಅದು ಓಡುತ್ತಿರುವಾಗಲೇ ಬದಲಿಸಲಾಯಿತು. ಪರಿಣಾಮವಾಗಿ ಸಂಶೋಧಕರ ಸುಮಾರು 77 ಟೆರಾಬೈಟ್ ಮಾಹಿತಿ ಅಳಿಸಿಹೋಯಿತು. ತೊಂದರೆಗೊಳಗಾದ 14 ತಂಡಗಳ ಪೈಕಿ ನಾಲ್ಕಕ್ಕೆ ತಮ್ಮ ಮಾಹಿತಿ ಮರಳಿ ಸಿಗಲಿಲ್ಲ. ಕೆಟ್ಟದ್ದು ಯಂತ್ರವಲ್ಲ, ಕೆಲಸದ ಕ್ರಮ.

ಕಾಣುವ ನಷ್ಟಕ್ಕಿಂತ ಕಾಣದ ತಪ್ಪು ಹೆಚ್ಚು ಅಪಾಯಕಾರಿ. ಅಮೆರಿಕದ ಪ್ರೋಟೀನ್ ಸಂಶೋಧನಾ ತಂಡವೊಂದು ಬಳಸುತ್ತಿದ್ದ ಪ್ರೋಗ್ರಾಂ, ಎರಡು ಕಂಬಸಾಲುಗಳ ಅಂಕಿಗಳನ್ನು ಅದಲುಬದಲು ಮಾಡುತ್ತಿತ್ತು. 2006ರಲ್ಲಿ ಇದು ಬಯಲಾದಾಗ ಐದು ಪ್ರಬಂಧಗಳು ನಿರರ್ಥಕವಾದವು. ಪ್ರೋಗ್ರಾಂ ಎಲ್ಲಿಯೂ ನಿಂತಿರಲಿಲ್ಲ; ತಪ್ಪು ಉತ್ತರವನ್ನೇ ಅಚ್ಚುಕಟ್ಟಾಗಿ ಕೊಡುತ್ತಿತ್ತು.

ಈ ಪಾಠ ನಮಗೂ ಅನ್ವಯಿಸುತ್ತದೆ. 4,500 ಕೋಟಿ ರೂಪಾಯಿಗಳ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಯೋಜನೆಗೆ ಕೇಂದ್ರ ಸರ್ಕಾರ 2015ರಲ್ಲಿ ಒಪ್ಪಿಗೆ ನೀಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2022ರಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ ಬಂದಿತು. ಹವಾಮಾನ ಸಂಶೋಧನೆಗೆಂದು 2024ರಲ್ಲಿ 850 ಕೋಟಿ ರೂಪಾಯಿಗಳ ವ್ಯವಸ್ಥೆ ಲೋಕಾರ್ಪಣೆಗೊಂಡಿತು. 2025ರ ಮೇ ತಿಂಗಳಲ್ಲಿ ಆರು ಕಿಲೋಮೀಟರ್ ಅಂತರದ ಮುನ್ಸೂಚನಾ ವ್ಯವಸ್ಥೆ ಆರಂಭವಾಯಿತು. ಬಿತ್ತನೆಗೆ ಕಾದು ಕುಳಿತ ರೈತನಿಗೆ ತಲುಪುವುದು ಯಂತ್ರದ ವೇಗವಲ್ಲ, ತಂತ್ರಾಂಶ ಕೊಟ್ಟ ಉತ್ತರ.

ಯಂತ್ರ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ವೈಜ್ಞಾನಿಕ ತಂತ್ರಾಂಶ ದಶಕಗಳ ಕಾಲ ಬಳಕೆಯಲ್ಲಿರುತ್ತದೆ. ಆದರೂ ಅದನ್ನು ಬರೆಯುವ ಹೊಣೆ ಅನೇಕ ವೇಳೆ ಸಂಶೋಧನಾ ವಿದ್ಯಾರ್ಥಿಗಳದ್ದು. ಪಿಎಚ್‌.ಡಿ. ಮುಗಿಸಿ ಅವರು ಹೊರಟರೆ ಅದರ ಒಳಮರ್ಮವೂ ಅವರೊಡನೆ ಹೊರಡುತ್ತದೆ. ಸಾವಿರಾರು ಪ್ರೊಸೆಸರ್‌ಗಳಿಗೆ ಲೆಕ್ಕವನ್ನು ಹಂಚಿದಾಗ, ಕೂಡುವ ಕ್ರಮ ಬದಲಾದರೂ ಕೊನೆಯ ದಶಮಾಂಶ ಅಂಕಿಗಳು ಬದಲಾಗಬಹುದು. ಅದು ಸಹಜ ವ್ಯತ್ಯಾಸವೋ ದೋಷವೋ ಎಂದು ಹೇಳಲು ನುರಿತವರು ಬೇಕು.

ಪರಿಹಾರಗಳು ದುಬಾರಿಯಲ್ಲ. ಉತ್ತರ ಮೊದಲೇ ಗೊತ್ತಿರುವ ಸಣ್ಣ ಲೆಕ್ಕಗಳಿಂದ ಪ್ರತಿ ಬದಲಾವಣೆಯನ್ನೂ ಪರೀಕ್ಷಿಸಬೇಕು. ಒಬ್ಬರು ಬರೆದುದನ್ನು ಇನ್ನೊಬ್ಬರು ಓದಬೇಕು. ಹತ್ತು ಪ್ರೊಸೆಸರ್‌ಗಳಲ್ಲಿ ಸರಿಯಾದ ಮೇಲೆ ನೂರಕ್ಕೆ, ಅನಂತರ ಸಾವಿರಕ್ಕೆ ಹೋಗಬೇಕು. ಯಾವ ಅಪಾಯಕ್ಕೆ ಯಾರು ಹೊಣೆ ಎಂಬುದನ್ನು ಆರಂಭದಲ್ಲೇ ಬರೆದಿಡಬೇಕು.

ಇವೆಲ್ಲಕ್ಕೂ ಸಮಯ ಬೇಕು, ಸಂಶೋಧನೆ ನಿಧಾನವಾಗುತ್ತದೆ ಎಂಬ ಆಕ್ಷೇಪವಿದೆ. ಅದು ನಿಜವೇ. ಆದರೆ ತಪ್ಪು ಫಲಿತಾಂಶದ ಮೇಲೆ ಕಳೆದ ವರ್ಷಗಳನ್ನು ಯಾವ ಲೆಕ್ಕಕ್ಕೆ ಸೇರಿಸೋಣ? ‘ಸಂಶೋಧನಾ ತಂತ್ರಾಂಶ ಎಂಜಿನಿಯರ್’ ಎಂಬ ವೃತ್ತಿಗೆ ಮನ್ನಣೆ ದೊರಕಿಸುವ ಯತ್ನ ಬ್ರಿಟನ್ನಿನಲ್ಲಿ 2012ರಲ್ಲೇ ಮೊದಲಾಯಿತು. ನಮ್ಮಲ್ಲಿಯೂ ಇನ್ನು ಮುಂದೆ ಯಂತ್ರ ಖರೀದಿಗೆ ಮಂಜೂರಾತಿ ನೀಡುವಾಗಲೇ ಇಂತಹ ಕಾಯಂ ಹುದ್ದೆಗಳಿಗೂ ಹಣ ತೆಗೆದಿರಿಸುವುದು ಅಗತ್ಯ.